ಒಣಗಿದ ಕೆರೆಯ ಅಂಗಳದಿಂದ ತೋಟದ ಕೊಳಕ್ಕೆ: ನೀರೊಳಗಿನ ಗಿಡ ಬೆಳೆಸಿದ ನನ್ನ ಅನುಭವ

ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನ ನಮ್ಮ ಮಾವಿನ ತೋಟದ ಮೂಲೆಯಲ್ಲಿರುವ ಕೊಳದಲ್ಲಿ ಈಗ ಐದು ಬಗೆಯ ಮುಳುಗು ಸಸ್ಯಗಳು ಪಂಪು, ಫಿಲ್ಟರು, ನೀರಿಗೆ ಗಾಳಿ ಊದುವ ಏರೇಟರು ಯಾವುದರ ನೆರವೂ ಇಲ್ಲದೆ ಬೆಳೆದು ನಿಂತಿವೆ. ಎಲ್ಲವೂ ಈ ಸೀಮೆಯವೇ. ದಡದಲ್ಲಿ ನಿಂತು ನೋಡಿದರೆ ಮೂರಡಿ ಆಳದ ಮರಳು ಕಾಣುವಷ್ಟು ನೀರು ತಿಳಿಯಾಗಿದೆ. ಇವುಗಳಲ್ಲಿ ಒಂದನ್ನೂ ಅಂಗಡಿಯಿಂದ ಕೊಂಡದ್ದಲ್ಲ. ನಾಲ್ಕು ಬಗೆಗಳು ಬೇಸಿಗೆಯಲ್ಲಿ ಒಣಗಿ ಬಿರುಕು ಬಿಟ್ಟ ಕೆರೆಯ ಅಂಗಳದ ಮಣ್ಣಿನಿಂದಲೇ ಎದ್ದು ಬಂದವು. ಐದನೆಯದು ಪಕ್ಕದ ಊರಿನ ತೋಡುಬಾವಿಯದು. ಒಣಮಣ್ಣಿನಿಂದ ನೀರಿನ ಗಿಡ ಬರುವುದುಂಟೇ ಎಂದು ಕೇಳಿದವರು ಬಹಳ ಮಂದಿ. ಬೇಸಿಗೆಗಳನ್ನು ದಾಟಿಯೂ ಕೊಳ ತಿಳಿಯಾಗಿಯೇ ಉಳಿದಿರುವುದರಿಂದ ಈಗ ಧೈರ್ಯವಾಗಿ ಬರೆಯುತ್ತಿದ್ದೇನೆ.

ಕೊಳ ತೋಡುವುದು, ಮಟ್ಟ ನೋಡುವುದು, ಹಾಳೆ ಹಾಸುವುದು ಓದುವವರಿಗೆ ಗೊತ್ತಿರುತ್ತದೆ ಎಂದುಕೊಂಡು ಲೆಕ್ಕ ಮಾತ್ರ ಹೇಳುತ್ತೇನೆ. ಉದ್ದ ಸುಮಾರು 20 ಅಡಿ, ಅಗಲ 14 ಅಡಿ, ನಡುವೆ ಮೂರೂವರೆ ಅಡಿ ಆಳ, ಸುತ್ತ ಎರಡು ಮೆಟ್ಟಿಲು. ಅಂದಾಜು ಹದಿನೈದು ಸಾವಿರ ಲೀಟರ್ ನೀರು. ಜೆಸಿಬಿಗೆ ಮೂರೂವರೆ ಸಾವಿರ, ಕೃಷಿ ಹೊಂಡಕ್ಕೆ ಹಾಸುವ 500 ಮೈಕ್ರಾನ್ ಹಾಳೆಗೆ ಆರು ಸಾವಿರದ ಆಸುಪಾಸು, ಮರಳು ಮತ್ತು ಕೂಲಿಗೆ ಐದು ಸಾವಿರ ಆಗಿರಬೇಕು. ಇಷ್ಟಕ್ಕೆ ಕೊಳ ಸಿದ್ಧವಾಯಿತು. ದುಡ್ಡು ನಿಜವಾಗಿ ಸೋರಿದ್ದು ಗಿಡಗಳ ಮೇಲೆ.

ಮೊದಲು ಬೆಂಗಳೂರಿನ ಅಕ್ವೇರಿಯಂ ಅಂಗಡಿಯೊಂದರಿಂದ ‘ಆಕ್ಸಿಜನ್ ಪ್ಲಾಂಟ್’ ಎಂದು ಮಾರುವ ಕಟ್ಟುಗಳನ್ನು ತರಿಸಿದೆ. ಕಟ್ಟಿಗೆ ನಲವತ್ತೋ ಐವತ್ತೋ ರೂಪಾಯಿ; ಸಾಗಾಟವೂ ಸೇರಿ ಮೂರು ಸಾವಿರದಷ್ಟಾಯಿತು. ಎರಡು ವಾರದೊಳಗೆ ಎಲೆಗಳು ಗಾಜಿನಂತೆ ಪಾರದರ್ಶಕವಾಗಿ ಕೊಳೆತು ತಳ ಸೇರಿದವು. ನೆರಳಿನ ತೊಟ್ಟಿಯ ಮೆದು ನೀರಿನಲ್ಲಿ ಬೆಳೆದ ಗಿಡ ನಮ್ಮ ಬೋರ್‌ವೆಲ್ ನೀರನ್ನೂ ಬಯಲುಸೀಮೆಯ ಬಿಸಿಲನ್ನೂ ತಡೆಯಲಿಲ್ಲ. ಅವು ಉಳಿದಿದ್ದರೆ ಅದಕ್ಕಿಂತ ಹೆಚ್ಚಿನ ತೊಂದರೆಯಾಗುತ್ತಿತ್ತು, ಏಕೆಂದರೆ ಆ ಕಟ್ಟುಗಳಲ್ಲಿ ಅರ್ಧಕ್ಕೂ ಹೆಚ್ಚು ದಕ್ಷಿಣ ಅಮೆರಿಕ ಮೂಲದ ಕಬೋಂಬ ಮತ್ತು ಎಜೀರಿಯ. ಕೇರಳದ ತೋಡುಗಳಲ್ಲಿ ಗುಲಾಬಿ ಹೂವಿನ ಕಬೋಂಬ ಹೇಗೆ ಹಾಸಿಕೊಂಡಿದೆ ಎಂಬುದನ್ನು ನೋಡಿದವರು ಯಾರೂ ಅದನ್ನು ಕಪ್ಪೆ, ಹಕ್ಕಿ, ಕೀಟಗಳಿಗಾಗಿ ಮಾಡಿದ ಕೊಳಕ್ಕೆ ಬಿಡಲಾರರು. ಕಟ್ಟುಗಳ ಜೊತೆ ಬಂದ, ನೀರಿನ ಮೇಲೆ ತೇಲುವ ಪುಟ್ಟ ಎಲೆಯ ಡಕ್‌ವೀಡ್ ಮಾತ್ರ ಬದುಕಿತು. ಅದನ್ನು ಜರಡಿಯಿಂದ ಎತ್ತಿ ಎತ್ತಿ ಮುಗಿಸುವಷ್ಟರಲ್ಲಿ ಮಳೆಗಾಲವೇ ಕಳೆದಿತ್ತು.

ಆಮೇಲೆ ನೀರು ಹಸಿರಾಯಿತು. ಅದಕ್ಕೆ ಕಾರಣ ಸ್ಪಷ್ಟವಾಗಿತ್ತು. ಕೃಷಿ ಹೊಂಡದಲ್ಲಿ ಮೀನು ಸಾಕುವವರು ಹಸಿ ಸಗಣಿ ಕದಡಿ ಹಾಕಿ ನೀರನ್ನು ಹಸಿರು ಮಾಡಿಕೊಳ್ಳುತ್ತಾರೆ, ಏಕೆಂದರೆ ಕಾಟ್ಲಾ ಮರಿಗಳಿಗೆ ಬೇಕಾದ ಆಹಾರ ಆ ಹಸಿರಿನಲ್ಲೇ ಹುಟ್ಟುತ್ತದೆ. ಗಿಡ ಚೆನ್ನಾಗಿ ಬರಲಿ ಎಂಬ ಒಳ್ಳೆಯ ಮನಸ್ಸಿನಿಂದ ಅದೇ ಉಪಚಾರವನ್ನು ನಮ್ಮ ಕೊಳಕ್ಕೂ ಯಾರೋ ಮಾಡಿದರು. ಜೊತೆಗೆ ಒಂದು ಬಕೆಟ್ ಜಿಲೇಬಿ (ತಿಲಾಪಿಯ) ಮೀನಿನ ಮರಿಗಳನ್ನೂ ಬಿಟ್ಟರು. ಮುಳುಗು ಸಸ್ಯಕ್ಕೆ ಬೇಕಾದದ್ದು ಬೆಳಕು. ನೀರು ಹಸಿರಾದರೆ ಒಂದಡಿ ಕೆಳಗೆ ಕತ್ತಲೆ. ಜಿಲೇಬಿ ಮೀನು ತಳ ಕೆದಕಿ ಗುಂಡಿ ಮಾಡುತ್ತದೆ, ಎಳೆಯ ಚಿಗುರನ್ನೂ ಬಿಡುವುದಿಲ್ಲ. ಕೊನೆಗೆ ಕೊಳವನ್ನು ಪೂರ್ತಿ ಖಾಲಿ ಮಾಡಿಸಿ, ನೀರನ್ನು ಮಾವಿನ ಪಾತಿಗಳಿಗೆ ಹಾಯಿಸಿ, ಮೀನನ್ನೆಲ್ಲ ಹಿಡಿಸಿ, ಮತ್ತೆ ತುಂಬಿಸಲು ಹತ್ತಿರ ಹತ್ತಿರ ಎರಡೂವರೆ ಸಾವಿರ ಖರ್ಚಾಯಿತು. ‘ಏನಪ್ಪಾ, ಜನ ಕಿತ್ತು ದಡಕ್ಕೆ ಎಸೆಯೋ ಪಾಚೀನ ನೀನು ದುಡ್ಡು ಕೊಟ್ಟು ಬೆಳೆಸ್ತೀಯಾ?’ ಎಂದು ಪಕ್ಕದ ತೋಟದ ಹಿರಿಯರು ಕೇಳಿದ್ದು ಆಗಲೇ.

ದಾರಿ ತೋರಿಸಿದ್ದು ನಮ್ಮ ಕೆರೆಗಳ ನಡವಳಿಕೆಯೇ. ಕೋಲಾರ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ನದಿಯಿಲ್ಲ. ಅತಿ ಹೆಚ್ಚು ಮಳೆ ಬೀಳುವುದು ಸೆಪ್ಟೆಂಬರ್, ಅಕ್ಟೋಬರಿನಲ್ಲಿ. ವರ್ಷಗಟ್ಟಲೆ ಒಣಗಿ ಜಾಲಿ ಬೆಳೆದ ಕುಂಟೆ, ಅಂದರೆ ಸಣ್ಣ ಕೆರೆಯೊಂದು, ಒಂದೇ ವಾರದ ಮಳೆಗೆ ಅರ್ಧ ತುಂಬಿದರೆ, ತಿಂಗಳೆರಡರಲ್ಲಿ ಅದರ ಅಂಚಿನ ನೀರಿನಲ್ಲಿ ಒಟ್ಟೇಲಿಯ ಎಂಬ ಮುಳುಗು ಗಿಡದ ಬಿಳಿ ಹೂಗಳು ಮೇಲೆದ್ದಿರುತ್ತವೆ. ಅದನ್ನು ಯಾರೂ ತಂದು ನೆಟ್ಟಿಲ್ಲ. ಬೀಜ ಮಣ್ಣಿನಲ್ಲೇ ಕಾದಿತ್ತು. ಒಣಗುವ ಕೆರೆಯಲ್ಲಿ ಬದುಕಿ ಬಂದ ಗಿಡಗಳೆಲ್ಲ ಬೀಜವನ್ನೋ ಗೆಡ್ಡೆಯನ್ನೋ ಕೆಸರಿನಲ್ಲಿ ಬಿಟ್ಟೇ ಸಾಯುತ್ತವೆ. ಗಡಸು ನೀರು, ಬಿಸಿಲು, ಬರ ಎಲ್ಲವೂ ಅವಕ್ಕೆ ಹುಟ್ಟಿನಿಂದಲೇ ರೂಢಿ. ಕೆರೆಯ ತಳದ ಗೋಡು ಮಣ್ಣನ್ನು ಹೊಲಕ್ಕೆ ಹೊಡೆಯುವುದು ನಮ್ಮಲ್ಲಿ ಹಳೆಯ ಪದ್ಧತಿ. ನಾನು ಅದೇ ಮಣ್ಣನ್ನು ನೀರಿಗೆ ಹಾಕಿದೆ, ಅಷ್ಟೇ.

ಯಾವ ಕೆರೆಯ ಮಣ್ಣು ಎಂಬುದರ ಮೇಲೆ ಎಲ್ಲವೂ ನಿಂತಿದೆ. ಜಿಲ್ಲೆಯ ಹಲವು ಕೆರೆಗಳಿಗೆ 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು ಬರುತ್ತಿದೆ. ಅಂತರ್ಜಲಕ್ಕೆ ಅದರಿಂದ ಅನುಕೂಲವಿದೆ, ಆದರೆ ನೀರು ನಿಂತೇ ಇರುವ ಕೆರೆಯಲ್ಲಿ ನನಗೆ ಬೇಕಾದ ಒಣ ಅಂಗಳ ಸಿಗುವುದಿಲ್ಲ, ಮತ್ತು ಆ ನೀರಿನಲ್ಲಿ ಸಾರಜನಕ, ರಂಜಕ ಹೆಚ್ಚಿರುವುದರಿಂದ ಅದರ ಕೆಸರು ಪಾಚಿಗೆ ಗೊಬ್ಬರವಾಗುತ್ತದೆ. ನಾನು ಆರಿಸಿದ್ದು ಗುಡ್ಡದ ಬುಡದಲ್ಲಿ ಬರೀ ಮಳೆನೀರಿಗೆ ತುಂಬುವ ಸಣ್ಣ ಕುಂಟೆ. ಯಾವುದೆಂದು ಇಲ್ಲಿ ಬರೆಯುವುದಿಲ್ಲ, ಬರೆದರೆ ಮುಂದಿನ ಬೇಸಿಗೆಗೆ ಅಲ್ಲಿ ಮಣ್ಣು ಉಳಿಯಲಾರದು. ಏಪ್ರಿಲ್ ಕೊನೆಯಲ್ಲಿ ಪಂಚಾಯಿತಿಯವರಿಗೆ ಹೇಳಿ, ತೂಬಿನ ಹತ್ತಿರ ನೀರು ಕೊನೆಯವರೆಗೆ ನಿಂತಿದ್ದ ತಗ್ಗಿನಲ್ಲಿ ಮೇಲಿನ ಎರಡು ಅಂಗುಲವನ್ನು ಮಾತ್ರ ಸನಿಕೆಯಿಂದ ಹೆರೆದು ಎರಡು ಮಂಕರಿ ತಂದೆ. ಎರಡು ಅಂಗುಲಕ್ಕಿಂತ ಕೆಳಗೆ ಹೋದರೆ ಬರೀ ಜೇಡಿ ಮಣ್ಣು. ಒಳ್ಳೆಯ ಜಾಗದ ಗುರುತು ಹೀಗಿರುತ್ತದೆ: ಬಿರುಕುಗಳ ನಡುವೆ ಸತ್ತ ಬಸವನಹುಳುಗಳ ಚಿಪ್ಪು, ಮಣ್ಣಿನ ಮೇಲೆ ಮುಟ್ಟಿದರೆ ಪುಡಿಯಾಗುವ ಬೂದುಬಿಳುಪಿನ ಸುಣ್ಣದ ಎಳೆಗಳು. ಆ ಎಳೆಗಳು ಒಣಗಿದ ಕಾರಾ, ನೀರಿನ ತಳದಲ್ಲಿ ಬೆಳೆಯುವ ಒಂದು ಬಗೆಯ ಪಾಚಿ. ಕಾರಾ ಇದ್ದಲ್ಲಿ ನೀರು ತಿಳಿಯಾಗಿತ್ತು ಎಂದರ್ಥ. ಕೂಲಿ, ಆಟೋ ಎಲ್ಲ ಸೇರಿ ಆರುನೂರು ರೂಪಾಯಿ.

ಮಣ್ಣನ್ನು ನೇರವಾಗಿ ಕೊಳಕ್ಕೆ ಸುರಿಯಬಾರದು. ಅದರಲ್ಲಿ ಜೊಂಡಿನ ಬೀಜವೂ ಇರುತ್ತದೆ, ಗೊಬ್ಬರದ ಸತ್ವವೂ ಇರುತ್ತದೆ. ಅಗಲವಾದ ಟಬ್ಬುಗಳಲ್ಲಿ ಒಂದು ಅಂಗುಲ ಮಣ್ಣು ಹರಡಿ, ಮೇಲೆ ತೊಳೆದ ಮರಳನ್ನು ತೆಳುವಾಗಿ ಉದುರಿಸಿ, ಪಂಪ್‌ಹೌಸಿನ ತಾರಸಿಯಿಂದ ನೆಲದ ಸಂಪಿನೊಳಕ್ಕೆ ಇಳಿಸಿದ ಮಳೆನೀರನ್ನು ನಾಲ್ಕು ಬೆರಳು ನಿಲ್ಲಿಸಿದೆ. ಮೊದಲು ಕಾಣಿಸಿಕೊಂಡದ್ದು ಕಾರಾ. ಕಿತ್ತು ಮೂಸಿದರೆ ಬೆಳ್ಳುಳ್ಳಿಯ ವಾಸನೆ. ಅದು ಪಾಚಿಯ ವರ್ಗದ್ದೇ ಆದರೂ ಗಿಡದಂತೆ ನಿಲ್ಲುತ್ತದೆ, ನೀರನ್ನು ತಿಳಿಗೊಳಿಸುತ್ತದೆ. ಮೂರು ವಾರದ ಹೊತ್ತಿಗೆ ಸೂಜಿಯೆಲೆಯ ನಯಾಸ್, ಆಮೇಲೆ ಒಟ್ಟೇಲಿಯ, ಕೊನೆಗೆ ಪಟ್ಟಿಯೆಲೆಯ ವ್ಯಾಲಿಸ್ನೇರಿಯ. ಕೊನೆಯ ಎರಡನ್ನು ಎಳೆಯ ಸಸಿಗಳಾಗಿರುವಾಗ ಬೇರ್ಪಡಿಸುವುದು ಕಷ್ಟ, ಏಕೆಂದರೆ ಒಟ್ಟೇಲಿಯದ ಮೊದಲ ಎಲೆಗಳೂ ಪಟ್ಟಿಯಂತೆ ಕಿರಿದಾಗಿರುತ್ತವೆ. ಅಂಗೈಯಗಲದ ಎಲೆ ಬರುವುದು ಆಮೇಲೆ. ಅಲ್ಲಿಯವರೆಗೆ ಯಾವುದನ್ನೂ ಕಳೆಯೆಂದು ಕೀಳಲಿಲ್ಲ.

ಬೆರಳುದ್ದದ ಸಸಿಗಳನ್ನು ತೂತಿರುವ ಪ್ಲಾಸ್ಟಿಕ್ ಬುಟ್ಟಿಗಳಿಗೆ ಬದಲಾಯಿಸಿ ಮೇಲಿನ ಮೆಟ್ಟಿಲಿನಲ್ಲಿ, ಒಂದಡಿ ನೀರಿನಲ್ಲಿ ಇಟ್ಟು, ಎಲೆಗಳು ಮೇಲೇರಿದಂತೆಲ್ಲ ಬುಟ್ಟಿಯನ್ನು ಕೆಳಕ್ಕೆ ಇಳಿಸುತ್ತಾ ಹೋದೆ. ಬುಟ್ಟಿಯಲ್ಲಿ ಕೆಳಗೆ ಗೋಡು, ಮೇಲೆ ಮರಳು ಎಂಬುದು ಎಲ್ಲರಿಗೂ ಗೊತ್ತಿರುವುದೇ. ಗೋಡಿಗೆ ನಾನು ಬೆರೆಸುವ ಇನ್ನೊಂದು ವಸ್ತುವಿದೆ. ವ್ಯಾಲಿಸ್ನೇರಿಯ ನಮ್ಮಲ್ಲಿ ಒಂದೇ ಮಳೆಗಾಲದಲ್ಲಿ ಬಳ್ಳಿಯೊಡೆದು ಬುಟ್ಟಿಯಿಂದ ಬುಟ್ಟಿಗೆ ಹಬ್ಬಿದ್ದಕ್ಕೆ ಅದೇ ಕಾರಣ ಎಂಬುದು ನನ್ನ ನಂಬಿಕೆ. ಅದರ ಪ್ರಮಾಣ ಇನ್ನೂ ಪಕ್ಕಾ ಆಗಬೇಕಿರುವುದರಿಂದ ಸದ್ಯಕ್ಕೆ ನನ್ನಲ್ಲೇ ಇರಲಿ.

ಸಸಿಗಳು ಬೇರೂರುವವರೆಗೆ ನೀರು ಹಸಿರಾಗದಂತೆ ಕಾಪಾಡಿದ್ದು ತೋಡುಬಾವಿಯಿಂದ ತಂದ ಐದನೆಯ ಗಿಡ, ಸೆರಟೊಫಿಲಮ್. ಅದಕ್ಕೆ ಬೇರೇ ಇಲ್ಲ. ಬೇಕಾದ ಸತ್ವವನ್ನೆಲ್ಲ ನೀರಿನಿಂದಲೇ ಹೀರುತ್ತದೆ. ಆದ್ದರಿಂದ ಪಾಚಿಯ ಬಾಯಿಗೆ ಬೀಳುವುದನ್ನು ಅದು ಮೊದಲೇ ತಿಂದುಬಿಡುತ್ತದೆ. ಒಂದು ಬಕೆಟ್ ಬಿಟ್ಟದ್ದು ಎರಡು ತಿಂಗಳಲ್ಲಿ ಕೊಳದ ಮೂರನೆಯ ಒಂದು ಭಾಗವಾಯಿತು. ವಾರಕ್ಕೊಮ್ಮೆ ಅರ್ಧ ಬಾಂಡ್ಲಿಯಷ್ಟು ಹೊರಗೆ ತೆಗೆದರೆ ಅದು ಹೀರಿದ ಸತ್ವವೂ ಕೊಳದಿಂದ ಹೊರಗೆ ಹೋಗುತ್ತದೆ. ತೆಗೆಯದೆ ಬಿಟ್ಟರೆ ಕೊಳೆತು ಮತ್ತೆ ನೀರಿಗೇ ಸೇರುತ್ತದೆ. ತೆಗೆದದ್ದನ್ನು ಒಂದು ರಾತ್ರಿ ದಡದಲ್ಲೇ ಬಿಡುತ್ತೇನೆ, ಒಳಗಿರುವ ಹುಳುಗಳು ನೀರಿಗೆ ಮರಳಲಿ ಎಂದು. ಬೆಳಿಗ್ಗೆ ಅದು ಮಾವಿನ ಬುಡಕ್ಕೆ.

ನೀರಿನ ಗಡಸುತನದ ಬಗ್ಗೆ ಬಹಳ ಮಂದಿ ಹೆದರಿಸಿದ್ದರು. ಸಾವಿರದಿನ್ನೂರು ಅಡಿಯಿಂದ ಬರುವ ನಮ್ಮ ನೀರಿನ ಟಿಡಿಎಸ್, ಅಂದರೆ ಕರಗಿದ ಲವಣಗಳ ಪ್ರಮಾಣ, ಸಾವಿರದ ಹತ್ತಿರವಿದೆ. ಆದರೆ ಇಲ್ಲಿನ ಗಿಡಗಳಲ್ಲಿ ಹಲವು ನೀರಿನ ಬೈಕಾರ್ಬೊನೇಟಿನಿಂದಲೇ ಇಂಗಾಲ ಪಡೆಯಬಲ್ಲವು. ಹಾಗೆ ಪಡೆಯುವಾಗ ಎಲೆಯ ಮೇಲೆ ಸುಣ್ಣದ ತೆಳು ಪದರ ಕಟ್ಟುತ್ತದೆ. ಎಲೆ ಒರಟಾಗಿ ಬೂದು ಬಣ್ಣಕ್ಕೆ ತಿರುಗಿದ್ದನ್ನು ಕಂಡು ರೋಗವೆಂದು ಔಷಧಿ ಹೊಡೆಯಬಾರದು. ತೊಂದರೆ ಇರುವುದು ಬೇಸಿಗೆಯಲ್ಲಿ. ದಿನಕ್ಕೆ ಏಳೆಂಟು ಮಿಲಿಮೀಟರ್ ಆವಿಯಾದರೆ ಈ ಕೊಳದಿಂದ ಇನ್ನೂರು ಲೀಟರ್ ಹೋಗುತ್ತದೆ, ಉಪ್ಪು ಮಾತ್ರ ಉಳಿಯುತ್ತದೆ. ಅದರ ಮೇಲೆ ಬೋರ್‌ವೆಲ್ ನೀರನ್ನೇ ತುಂಬುತ್ತಾ ಹೋದರೆ ಉಪ್ಪು ಏರುತ್ತಲೇ ಇರುತ್ತದೆ. ಹಾಗಾಗಿ ಸಂಪಿನ ಮಳೆನೀರನ್ನು ಮಾರ್ಚಿನಿಂದ ಮೇ ತಿಂಗಳಿಗೆಂದೇ ಮೀಸಲಿಟ್ಟಿದ್ದೇನೆ.

ಹೈಡ್ರಿಲವೂ ಅದೇ ಮಣ್ಣಿನಿಂದ ಬಂತು, ಬಟಾಣಿ ಗಾತ್ರದ ಗೆಡ್ಡೆಯಿಂದ. ಅದು ನಮ್ಮ ನಾಡಿನದೇ ಗಿಡ, ಆಮ್ಲಜನಕವನ್ನೂ ಧಾರಾಳವಾಗಿ ಕೊಡುತ್ತದೆ, ಆದರೂ ಸಣ್ಣ ಕೊಳಕ್ಕೆ ನಾನು ಅದನ್ನು ಬಿಡುವುದಿಲ್ಲ. ಮೇಲ್ಮೈಗೆ ತಲುಪಿದ ಕೂಡಲೇ ಚಾಪೆಯಂತೆ ಹೆಣೆದುಕೊಂಡು ಕೆಳಗಿನ ಒಟ್ಟೇಲಿಯಕ್ಕೆ ಬೆಳಕು ತಪ್ಪಿಸುತ್ತದೆ. ಕಿತ್ತರೆ ಗೆಡ್ಡೆ ಕೆಳಗೇ ಉಳಿಯುತ್ತದೆ. ಸಿಮೆಂಟ್ ತೊಟ್ಟಿಯೊಂದರಲ್ಲಿ ಬೇರೆಯಾಗಿ ಇಟ್ಟಿದ್ದೇನೆ. ಅಂಗಡಿಯ ಎಜೀರಿಯಕ್ಕೂ ಇದಕ್ಕೂ ವ್ಯತ್ಯಾಸ ತಿಳಿಯಲು ಕಾಂಡವನ್ನು ಬೆರಳುಗಳ ನಡುವೆ ತುದಿಯಿಂದ ಬುಡಕ್ಕೆ ಎಳೆದರೆ ಸಾಕು: ಹೈಡ್ರಿಲದ ಎಲೆಯಂಚಿನ ಹಲ್ಲುಗಳು ತರಚುತ್ತವೆ, ಎಜೀರಿಯ ನುಣುಪಾಗಿ ಜಾರುತ್ತದೆ.

ನಡುವೆ ಒಂದೆರಡು ಪ್ರಯೋಗಗಳನ್ನೂ ಮಾಡಿದೆ. ಹಸಿರು ನೀರಿಗೆ ರಾಗಿ ಹುಲ್ಲಿನ ಕಟ್ಟು ಇಳಿಬಿಟ್ಟ ಟಬ್ಬು ಬಿಡದಿದ್ದ ಟಬ್ಬಿಗಿಂತ ಒಂದು ವಾರ ಮೊದಲು ತಿಳಿಯಾಯಿತು, ಆದರೆ ನೀರು ಕಂದುಗಟ್ಟಿ ಸಸಿಗಳು ಕುಗ್ಗಿದವು, ಅದನ್ನು ಮುಂದುವರಿಸಲಿಲ್ಲ. ಏರೇಟರ್ ಇಲ್ಲದೆ ಆಮ್ಲಜನಕ ಸಾಲದು ಎಂಬ ವಾದಕ್ಕೆ ಉತ್ತರವಾಗಿ ಮೀನು ಸಾಕಣೆಯವರು ಆಮ್ಲಜನಕ ಅಳೆಯಲು ಬಳಸುವ ಹನಿ ಕಿಟ್ ತರಿಸಿದೆ, ಸಾವಿರದೈನೂರೋ ಎಷ್ಟೋ ಬಿತ್ತು. ಮೂವತ್ತು ಡಿಗ್ರಿಯ ನೀರು ಗಾಳಿಯಿಂದಷ್ಟೇ ಪಡೆದರೆ ಲೀಟರಿಗೆ ಹೆಚ್ಚೆಂದರೆ ಏಳೂವರೆ ಮಿಲಿಗ್ರಾಂ ಆಮ್ಲಜನಕ ಹಿಡಿದಿಡುತ್ತದೆ. ನಮ್ಮ ಕೊಳದಲ್ಲಿ ಮಧ್ಯಾಹ್ನ ಮೂರರ ಹೊತ್ತಿಗೆ ಹತ್ತು ದಾಟಿತ್ತು, ಬೆಳಗಿನ ಜಾವಕ್ಕೆ ನಾಲ್ಕು ಮಿಲಿಗ್ರಾಂ ಆಸುಪಾಸಿಗೆ ಇಳಿದಿತ್ತು. ಆ ಬೆಳಗಿನ ಅಂಕಿಯನ್ನೇ ನೋಡಬೇಕು. ರಾತ್ರಿ ಗಿಡವೂ ಉಸಿರಾಡುತ್ತದೆ. ಗಿಡ ಅತಿಯಾದರೆ ಮುಂಜಾನೆ ಮೀನು ಮೇಲೆ ಬಂದು ಬಾಯಿ ಬಿಡುತ್ತದೆ. ಕೊಳದ ಅರ್ಧ ಭಾಗಕ್ಕಿಂತ ಹೆಚ್ಚು ತುಂಬದಂತೆ ನಾನು ತೆಗೆಯುತ್ತಿರುವುದು ಇದಕ್ಕಾಗಿ.

ಮನೆಯವರ ಚಿಂತೆ ಸೊಳ್ಳೆಯದಾಗಿತ್ತು. ಗಪ್ಪಿ, ಗ್ಯಾಂಬೂಸಿಯ ಮೀನುಗಳನ್ನು ಬಿಡಿ ಎಂಬ ಸಲಹೆಯನ್ನು ಒಪ್ಪಲಿಲ್ಲ, ಏಕೆಂದರೆ ಗ್ಯಾಂಬೂಸಿಯ ಕಪ್ಪೆಯ ಮೊಟ್ಟೆಮರಿಗಳನ್ನೂ ತಿನ್ನುತ್ತದೆ. ನೆತ್ತಿಯ ಮೇಲೆ ಹೊಳೆಯುವ ಚುಕ್ಕೆಯಿರುವ, ನಮ್ಮ ಕುಂಟೆಗಳಲ್ಲೇ ಸಿಗುವ ಆಪ್ಲೋಕೈಲಸ್ ಮೀನನ್ನು ಕೆಲವು ಜೋಡಿ ಬಿಟ್ಟೆ. ಉಳಿದ ಕೆಲಸವನ್ನು ಏರೋಪ್ಲೇನ್ ಚಿಟ್ಟೆಯ ಮರಿಗಳು ಮಾಡುತ್ತಿವೆ. ಅವುಗಳ ಸಣಕಲು ಜಾತಿಯ ಹಳದಿ ಜೋಡಿಗಳು ಒಂದಕ್ಕೊಂದು ಅಂಟಿಕೊಂಡೇ ಬಂದು ನಯಾಸ್ ತುದಿಯ ಮೇಲೆ ಕೂರುತ್ತವೆ. ಹೆಣ್ಣು ಬಾಲವನ್ನು ಬಾಗಿಸಿ ನೀರಿನೊಳಗಿನ ಕಾಂಡಕ್ಕೆ ಚುಚ್ಚಿ ಮೊಟ್ಟೆಯಿಡುತ್ತದೆ. ನೀರಿನಲ್ಲಿ ಗಿಡವೇ ಇಲ್ಲದ ಕೊಳದಲ್ಲಿ ಇವುಗಳಿಗೆ ಮೊಟ್ಟೆಯಿಡಲು ಜಾಗವೇ ಇಲ್ಲ. ಕಪ್ಪೆಗಳು ತಾವಾಗಿಯೇ ಬಂದವು, ಮಿಂಚುಳ್ಳಿಯೂ ಬರುತ್ತಿದೆ.

ವ್ಯಾಲಿಸ್ನೇರಿಯ ಹೂಬಿಟ್ಟ ಮೇಲಂತೂ ನನ್ನ ಮಾತಿಗೆ ಬೆಲೆ ಬಂದಿದೆ. ಸುರುಳಿ ದಂಟಿನ ತುದಿಯಲ್ಲಿ ಅಕ್ಕಿಕಾಳಿನಷ್ಟು ಹೆಣ್ಣು ಹೂ ನೀರಿನ ಮಟ್ಟಕ್ಕೆ ಬಂದು ನಿಲ್ಲುತ್ತದೆ, ಬುಡದಿಂದ ಕಳಚಿದ ಗಂಡು ಹೂಗಳು ಧೂಳಿನಂತೆ ತೇಲಿಬಂದು ಅದಕ್ಕೆ ತಾಗುತ್ತವೆ, ಆಮೇಲೆ ದಂಟು ಸುತ್ತಿಕೊಂಡು ಕಾಯನ್ನು ಕೆಳಕ್ಕೆ ಎಳೆದುಕೊಳ್ಳುತ್ತದೆ. ಪ್ರಶ್ನೆ ಕೇಳಿದ್ದ ಹಿರಿಯರೇ ಇದನ್ನು ನೋಡಿ ತಮ್ಮ ಕೃಷಿ ಹೊಂಡದ ಒಂದು ಮೂಲೆಗೆ ಸಸಿ ಕೇಳಿ ಒಯ್ದಿದ್ದಾರೆ. ಅವರ ಹೊಂಡದಲ್ಲಿ ಗೆಂಡೆ ಮೀನು ಇರುವುದರಿಂದ ಬುಟ್ಟಿಗೆ ಜಾಲರಿ ಕಟ್ಟಿ ಕೊಟ್ಟೆ. ಬೇರೆಯವರಿಗೂ ಒಟ್ಟೇಲಿಯ, ವ್ಯಾಲಿಸ್ನೇರಿಯ, ನಯಾಸ್ ಸಸಿಗಳನ್ನು ಜುಲೈನಿಂದ ದೀಪಾವಳಿಯವರೆಗೆ ದುಡ್ಡಿಲ್ಲದೆ ಕೊಡುತ್ತೇನೆ. ಜಿಲೇಬಿ ಅಥವಾ ಹುಲ್ಲುಗೆಂಡೆ ಇರುವ ಕೊಳಕ್ಕೆ, ಹರಿಯುವ ಕಾಲುವೆಗೆ ಕೊಡುವುದಿಲ್ಲ, ಹೈಡ್ರಿಲವನ್ನಂತೂ ಯಾರಿಗೂ ಕೊಡುವುದಿಲ್ಲ.