ಎಕ್ಸಾಸ್ಟ್ ಹೆಡರ್‌ಗೆ ಸೆರಾಮಿಕ್ ಕೋಟಿಂಗ್: ಬಿಚ್ಚುವಲ್ಲಿಂದ ಮತ್ತೆ ಕೂರಿಸುವವರೆಗೆ

ಹೆಡರ್ (ಎಂಜಿನ್ನಿನ ಹೊಗೆಯನ್ನು ಹೊರಕ್ಕೆ ಒಯ್ಯುವ ಪೈಪುಗಳ ಗುಂಪು) ಮುಂತಾದ ಎಕ್ಸಾಸ್ಟ್ ಭಾಗಗಳಿಗೆ ಕೋಟಿಂಗ್ ಮಾಡಿಸಲು ಹೊರಟವರು ಹೆಚ್ಚಾಗಿ ಮೊದಲು ಬಣ್ಣ ಆರಿಸುತ್ತಾರೆ. ನಾನು ಮೊದಲು ನೋಡುವುದು ತಾಪಮಾನ. ಬೆಳ್ಳಿಯ ಹಾಗೆ ಹೊಳೆಯುವ ಪಾಲಿಶ್ ಕೋಟಿಂಗ್‌ನಲ್ಲಿ ಅಲ್ಯೂಮಿನಿಯಂ ಪುಡಿ ಇರುತ್ತದೆ. ಅಲ್ಯೂಮಿನಿಯಂ ಕರಗುವುದು 660 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಟರ್ಬೊ ಇಲ್ಲದ, ದಿನನಿತ್ಯ ಓಡಾಡುವ ಕಾರಿನ ಹೆಡರ್‌ಗೆ ಅದು ಧಾರಾಳವಾಗಿ ಸಾಕು. ಟರ್ಬೊ ಪೆಟ್ರೋಲ್ ಎಂಜಿನ್ ಪೂರ್ತಿ ಲೋಡ್‌ನಲ್ಲಿರುವಾಗ ಮ್ಯಾನಿಫೋಲ್ಡ್ (ಹೆಡರ್‌ನ ಜಾಗದಲ್ಲಿರುವ, ಹೆಚ್ಚಾಗಿ ಎರಕದ ಭಾಗ) ಒಳಗಿನ ಗ್ಯಾಸ್ 900 ಡಿಗ್ರಿ ದಾಟಬಹುದು. ಅಲ್ಲಿ ಈ ಹೊಳಪು ಸತ್ತು, ಬೂದು ಬಣ್ಣಕ್ಕೆ ತಿರುಗಿ ಉದುರುತ್ತದೆ. ಅಂಥ ಕಡೆ 980 ಡಿಗ್ರಿಯ ಆಸುಪಾಸಿನವರೆಗೆ ತಡೆಯುವ, ಹೊಳಪಿಲ್ಲದ ಕಪ್ಪು ಅಥವಾ ಬೂದು ಕೋಟಿಂಗನ್ನೇ ಕೇಳಬೇಕು.

ಇನ್ನೊಂದು ಮಾತು ಮೊದಲೇ ಸ್ಪಷ್ಟವಾಗಿರಲಿ. ಸ್ಪ್ರೇ ಮಾಡುವ ತೆಳು ಕೋಟಿಂಗ್‌ನ ದಪ್ಪ 25 ಮೈಕ್ರಾನ್ ಒಳಗೇ. ತುಕ್ಕು ತಡೆಯುವುದರಲ್ಲಿ ಅದಕ್ಕೆ ಸಾಟಿಯಿಲ್ಲ, ಆದರೆ ಶಾಖ ತಡೆಯುವುದು ಸ್ವಲ್ಪ ಮಟ್ಟಿಗೆ ಮಾತ್ರ. ಬಾನೆಟ್ ಕೆಳಗಿನ ಬಿಸಿಯನ್ನೇ ಗಣನೀಯವಾಗಿ ಇಳಿಸಬೇಕು ಅಂದರೆ ಪ್ಲಾಸ್ಮಾ ಸ್ಪ್ರೇಯಿಂದ (ಅತಿ ಬಿಸಿ ಜ್ವಾಲೆಯಲ್ಲಿ ಪುಡಿ ಕರಗಿಸಿ ಎರಚುವ ವಿಧಾನ) ಕೂರಿಸುವ ಜಿರ್ಕೋನಿಯಾ ಎಂಬ ಸೆರಾಮಿಕ್‌ನ ಪದರ ಬೇಕು. ಅದರ ದಪ್ಪ ಸುಮಾರು 0.3 ಮಿ.ಮೀ. ಖರ್ಚೂ ಅದಕ್ಕೆ ತಕ್ಕಂತೆ ಏರುತ್ತದೆ.

ಬಿಚ್ಚಿದ ಮೇಲೆ ಪೈಪನ್ನು ಪರೀಕ್ಷಿಸಿ. ಹೆಡರ್ ಪೈಪಿನ ಗೋಡೆ ಸಾಮಾನ್ಯವಾಗಿ 1.6 ಮಿ.ಮೀ. ದಪ್ಪ ಇರುತ್ತದೆ. ಸಣ್ಣ ಸುತ್ತಿಗೆಯಿಂದ ತಟ್ಟುತ್ತಾ ಹೋದರೆ ತುಕ್ಕು ತಿಂದು ತೆಳುವಾದ ಜಾಗದಲ್ಲಿ ಸದ್ದು ಮಂಕಾಗುತ್ತದೆ. ಅಂಥ ಪೈಪು ಬ್ಲಾಸ್ಟಿಂಗ್‌ನಲ್ಲೇ (ಗಾಳಿಯ ಒತ್ತಡದಲ್ಲಿ ಗ್ರಿಟ್ ಎಂಬ ಒರಟು ಪುಡಿ ಎರಚಿ ಮೇಲ್ಮೈ ಉಜ್ಜುವ ಹಂತ) ತೂತಾಗುತ್ತದೆ. ಅದಕ್ಕೆ ಕೋಟಿಂಗ್ ಖರ್ಚು ಮಾಡುವುದು ದಂಡ.

ವೆಲ್ಡಿಂಗ್ ಕೆಲಸ ಏನೇ ಇದ್ದರೂ ಈಗಲೇ ಮುಗಿಯಬೇಕು. ಆಕ್ಸಿಜನ್ ಸೆನ್ಸರ್ ತಿರುಗಿಸಿ ಕೂರಿಸುವ ಬುಷ್, ಬ್ರಾಕೆಟ್, ಬಿರುಕಿನ ರಿಪೇರಿ ಯಾವುದನ್ನೂ ಆಮೇಲೆ ಮಾಡಲಾಗದು. ಕೋಟಿಂಗ್ ಮೇಲೆ ವೆಲ್ಡ್ ಹಿಡಿಯುವುದಿಲ್ಲ, ಸುತ್ತಲಿನ ಪದರವೂ ಸುಟ್ಟುಹೋಗುತ್ತದೆ. ತುದಿಗಳನ್ನು ಮುಚ್ಚಿ, ಕಡಿಮೆ ಒತ್ತಡದ ಗಾಳಿ ಬಿಟ್ಟು, ವೆಲ್ಡ್‌ಗಳ ಮೇಲೆಲ್ಲ ಸೋಪಿನ ನೀರು ಸವರಿದರೆ ಸೋರುವ ಜಾಗ ಗುಳ್ಳೆಯಾಗಿ ಕಾಣುತ್ತದೆ. ಫ್ಲಾಂಜ್ (ಎಂಜಿನ್ನಿಗೆ ಬೋಲ್ಟ್ ಆಗುವ ಚಪ್ಪಟೆ ತಟ್ಟೆ) ಮೇಲೆ ನೇರ ಪಟ್ಟಿಯಿಟ್ಟು 0.1 ಮಿ.ಮೀ. ಫೀಲರ್ ಗೇಜ್ (ಸಂದು ಅಳೆಯುವ ತೆಳು ಉಕ್ಕಿನ ಹಾಳೆ) ತೂರಿಸಿ ನೋಡಿ. ತೂರಿದರೆ ಮೊದಲು ಫ್ಲಾಂಜನ್ನು ಸಮ ಮಾಡಿಸಿ. ಕೊನೆಗೆ ಒಮ್ಮೆ ಕಾರಿಗೆ ಕೂರಿಸಿ, ಸ್ಟೀರಿಂಗ್ ಶಾಫ್ಟ್, ಸ್ಟಾರ್ಟರ್ ಯಾವುದಕ್ಕೂ ತಾಗುತ್ತಿಲ್ಲ ಎಂದು ಖಾತ್ರಿ ಮಾಡಿಕೊಂಡೇ ಕೋಟಿಂಗ್‌ಗೆ ಕಳಿಸುವುದು.

ಕೋಟಿಂಗ್ ಎದ್ದುಬರುವುದಕ್ಕೆ ಬಹುಪಾಲು ಕಾರಣ ಎಣ್ಣೆ. ಎರಕದ ಕಬ್ಬಿಣದ ಮ್ಯಾನಿಫೋಲ್ಡ್ ವರ್ಷಗಟ್ಟಲೆ ಎಣ್ಣೆ ಕುಡಿದಿರುತ್ತದೆ. ಮೇಲೆ ಎಷ್ಟೇ ತೊಳೆದರೂ ರಂಧ್ರಗಳೊಳಗೆ ಉಳಿದದ್ದು ಬಿಸಿಯಾದಾಗ ಹೊರಗೆ ಬಂದು ಪದರವನ್ನು ಎತ್ತಿಬಿಡುತ್ತದೆ. ಆದ್ದರಿಂದ ಡಿಗ್ರೀಸರ್‌ನಲ್ಲಿ ತೊಳೆದ ಮೇಲೆ ಓವನ್‌ನಲ್ಲಿ 250ರಿಂದ 300 ಡಿಗ್ರಿಯಲ್ಲಿ ಒಂದು ತಾಸು ಕಾಯಿಸಬೇಕು. ತಣ್ಣಗಾದಾಗ ಮೇಲ್ಮೈಯಲ್ಲಿ ಕಂದು ಕಲೆ ಮೂಡಿದ್ದರೆ ಎಣ್ಣೆ ಇನ್ನೂ ಇದೆ ಎಂದರ್ಥ, ಮತ್ತೊಮ್ಮೆ ತೊಳೆದು ಕಾಯಿಸಬೇಕು. ಕೋಟಿಂಗ್‌ನವರು ಈ ಹಂತ ಮಾಡುತ್ತಾರೋ ಇಲ್ಲವೋ ಎಂದು ನೇರವಾಗಿ ಕೇಳಿ. ಉತ್ತರ ತಡವರಿಸಿದರೆ ಬೇರೆಯವರನ್ನು ಹುಡುಕುವುದು ಒಳ್ಳೆಯದು.

ನಂತರ ಬ್ಲಾಸ್ಟಿಂಗ್. 100ರಿಂದ 120 ಮೆಷ್‌ನ (ಕಾಳಿನ ಗಾತ್ರದ ಅಳತೆ) ಅಲ್ಯೂಮಿನಿಯಂ ಆಕ್ಸೈಡ್ ಬೇಕು, ಗಾಜಿನ ಮಣಿ ಬೇಡವೇ ಬೇಡ. ಮಣಿ ಲೋಹವನ್ನು ತಟ್ಟಿ ನಯ ಮಾಡುತ್ತದೆ. ಕೋಟಿಂಗ್ ಕಚ್ಚಿಕೊಳ್ಳಲು ಬೇಕಾದದ್ದು ಚೂಪು ಗ್ರಿಟ್ ಕೊರೆದ ಒರಟು. ಮುಗಿದ ಮೇಲ್ಮೈ ಎಲ್ಲ ಕಡೆ ಒಂದೇ ತರಹ ಮಂಕು ಬೂದು ಇರಬೇಕು. ಎಲ್ಲಾದರೂ ಮಿಂಚು ಕಂಡರೆ ಅಲ್ಲಿ ಗ್ರಿಟ್ ಬಿದ್ದಿಲ್ಲ. ನಾಲ್ಕು ಪೈಪುಗಳು ಕಲೆಕ್ಟರ್‌ಗೆ ಸೇರುವ ಸಂದಿಯಲ್ಲಿ ಹೀಗಾಗುವುದು ಜಾಸ್ತಿ, ತುಕ್ಕು ಮತ್ತೆ ಶುರುವಾಗುವುದೂ ಅಲ್ಲಿಂದಲೇ. ಬ್ಲಾಸ್ಟ್ ಆದ ಲೋಹವನ್ನು ಬರಿಗೈಯಲ್ಲಿ ಮುಟ್ಟುವಂತಿಲ್ಲ. ಮೈಲ್ಡ್ ಸ್ಟೀಲ್ ಆದರೆ ಗಾಳಿಯ ತೇವಕ್ಕೇ ತುಕ್ಕು ಹಿಡಿಯುತ್ತದೆ, ಕೆಲವೇ ತಾಸಿನಲ್ಲಿ ಸ್ಪ್ರೇ ಆಗಿಬಿಡಬೇಕು.

ಎಲ್ಲಿ ಕೋಟಿಂಗ್ ಬೇಡ ಎಂಬುದನ್ನು ಬರೆದು ಕೊಡಿ. ಪೈಪಿನ ಮೇಲೆ ಮಾರ್ಕರ್‌ನಲ್ಲಿ ಬರೆದದ್ದು ಬ್ಲಾಸ್ಟಿಂಗ್‌ನಲ್ಲಿ ಅಳಿಸಿಹೋಗುತ್ತದೆ. ನಾನು ಕಾಗದದಲ್ಲಿ ಚಿತ್ರ ಬರೆದು, ಜಾಗಗಳಿಗೆ ಸಂಖ್ಯೆ ಕೊಟ್ಟು ಕಳಿಸುತ್ತೇನೆ. ಗ್ಯಾಸ್ಕೆಟ್ ಕೂರುವ ಮುಖ, ಒಂದರೊಳಗೊಂದು ಜಾರುವ ಜಾಯಿಂಟ್‌ನ ಎರಡೂ ಮೈ, ವಿ-ಬ್ಯಾಂಡ್ (ಪೈಪುಗಳನ್ನು ಜೋಡಿಸುವ ಬಳೆಯಂಥ ಕ್ಲ್ಯಾಂಪ್) ಕೂರುವ ಅಂಚು ಇವೆಲ್ಲ ಖಾಲಿ ಇರಬೇಕು. ಆಕ್ಸಿಜನ್ ಸೆನ್ಸರ್‌ನ ಎಂ 18×1.5 ಅಳತೆಯ ತಿರುಪಿನ ಮರೆಗೆ ಸತ್ತ ಹಳೇ ಸೆನ್ಸರನ್ನೇ ತಿರುಗಿಸಿ ಬಿಟ್ಟರೆ ಅದಕ್ಕಿಂತ ಒಳ್ಳೆಯ ಬಿರಡೆ ಇಲ್ಲ. ಟರ್ಬೊ ಹೌಸಿಂಗ್ ಆದರೆ ಟರ್ಬೈನ್ ಚಕ್ರ ತಿರುಗುವ ಒಳಮೈ ಪೂರ್ತಿ ಮುಚ್ಚಿರಬೇಕು, ಅಲ್ಲಿನ ಅಂತರ ಕೂದಲೆಳೆಯಷ್ಟು.

ಮಡಿಕೆ ಮಡಿಕೆಯ ಫ್ಲೆಕ್ಸ್ ಪೈಪನ್ನು ಬ್ಲಾಸ್ಟಿಂಗ್‌ಗೆ ಕೊಡಬೇಡಿ. ತೆಳು ಹಾಳೆ ಹಾಳಾಗುತ್ತದೆ, ಬಳುಕುವ ಕಡೆ ಕೋಟಿಂಗೂ ನಿಲ್ಲುವುದಿಲ್ಲ. ಕ್ಯಾಟಲಿಟಿಕ್ ಕನ್ವರ್ಟರ್ ಒಳಗೆ ಒಂದು ಚಿಟಿಕೆ ಗ್ರಿಟ್ ಕೂಡ ಹೋಗಬಾರದು. ಸೈಲೆನ್ಸರ್ ಒಳಗಿನ ನಾರು ಎಣ್ಣೆ, ತೇವ ಹೀರಿರುವುದರಿಂದ ಅದನ್ನೂ ನಾನು ಕೊಡುವುದಿಲ್ಲ.

ಸ್ಪ್ರೇ ಮತ್ತು ಕ್ಯೂರಿಂಗ್ (ಪದರ ಗಟ್ಟಿಯಾಗಿಸುವುದು) ಕೋಟಿಂಗ್‌ನವರ ಕೆಲಸ. ಕೆಲವು ಕೋಟಿಂಗ್ ಓವನ್‌ನಲ್ಲಿ ಗಟ್ಟಿಯಾಗುತ್ತವೆ, ಕೆಲವು ಗಾಳಿಯಲ್ಲೇ ಕೆಲವು ದಿನ ತೆಗೆದುಕೊಳ್ಳುತ್ತವೆ. ಅವಸರ ಪಡಿಸಬೇಡಿ, ದಪ್ಪ ಹೊಡೆಯಿರಿ ಅಂತಲೂ ಹೇಳಬೇಡಿ. ದಪ್ಪನೆಯ ಪದರ ಲೋಹದ ಹಿಗ್ಗು ಕುಗ್ಗು ತಾಳದೆ ಸೀಳಿ ಉದುರುತ್ತದೆ.

ವಾಪಸ್ ಬಂದ ಮೇಲೆ ಮಾಡಲೇಬೇಕಾದ ಕೆಲಸ ಒಳಗಿನ ಗ್ರಿಟ್ ತೆಗೆಯುವುದು. ಅಲ್ಯೂಮಿನಿಯಂ ಆಕ್ಸೈಡ್ ಅಯಸ್ಕಾಂತಕ್ಕೆ ಅಂಟುವುದಿಲ್ಲ. ಮರದ ಸುತ್ತಿಗೆಗೆ ಬಟ್ಟೆ ಸುತ್ತಿ ಮೆಲ್ಲಗೆ ತಟ್ಟುತ್ತಾ, ಪೈಪನ್ನು ತಿರುಗಿಸುತ್ತಾ ಗಾಳಿ ಹೊಡೆಯಿರಿ. ಆಮೇಲೆ ದಾರಕ್ಕೆ ಬಿಳಿ ಬಟ್ಟೆ ಕಟ್ಟಿ ಒಂದೊಂದೇ ಪೈಪಿನಲ್ಲಿ ಎಳೆಯಿರಿ. ಬಟ್ಟೆಯನ್ನು ಬೆರಳಲ್ಲಿ ಉಜ್ಜಿದಾಗ ಮರಳಿನ ಹಾಗೆ ಕಿರುಗುಟ್ಟಿದರೆ ಇನ್ನೂ ಮುಗಿದಿಲ್ಲ. ಎಂಜಿನ್ನಿಗೂ ಟರ್ಬೊಗೂ ನಡುವಿನ ಪೈಪಿನಲ್ಲಿ ಉಳಿದ ಗ್ರಿಟ್ ಟರ್ಬೈನ್ ಚಕ್ರದ ಅಂಚನ್ನೇ ತಿನ್ನುತ್ತದೆ.

ಕೂರಿಸುವಾಗ ಹೊಸ ಗ್ಯಾಸ್ಕೆಟ್ ಹಾಕಿ, ನಟ್ಟುಗಳನ್ನೆಲ್ಲ ಮೊದಲು ಕೈಯಲ್ಲಿ ತಿರುಗಿಸಿ, ಮಧ್ಯದಿಂದ ಹೊರಕ್ಕೆ ಮ್ಯಾನುಯಲ್ ಹೇಳಿದ ಟಾರ್ಕ್‌ಗೆ ಬಿಗಿ ಮಾಡಿ. ಸ್ಟಾರ್ಟ್ ಮಾಡುವ ಮುಂಚೆ ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ಒರೆಸಿ, ಇಲ್ಲದಿದ್ದರೆ ಬೆರಳ ಗುರುತು ಸುಟ್ಟು ಹಾಗೇ ಉಳಿಯುತ್ತದೆ. ಮೊದಲ ಸಲ ಹತ್ತು ನಿಮಿಷ ಐಡಲ್‌ನಲ್ಲಿಟ್ಟು ಪೂರ್ತಿ ತಣ್ಣಗಾಗಲು ಬಿಡಿ. ಎರಡನೇ ಸಲ ಇಪ್ಪತ್ತು ನಿಮಿಷ, ಮತ್ತೆ ತಣ್ಣಗಾಗಲಿ. ಸ್ವಲ್ಪ ಹೊಗೆ, ವಾಸನೆ ಬರುವುದು ಸಹಜ. ಆಮೇಲೆ ನಟ್ಟುಗಳನ್ನು ತಣ್ಣಗಿರುವಾಗ ಮತ್ತೊಮ್ಮೆ ನೋಡಿ. ಕೋಟಿಂಗ್ ಮೇಲೆ ಶಾಖ ತಡೆಯುವ ಬಟ್ಟೆಯ ಪಟ್ಟಿ ಸುತ್ತಬೇಡಿ, ಅದು ನೀರು ಹಿಡಿದಿಟ್ಟುಕೊಳ್ಳುತ್ತದೆ.

ಹೊಸದಾಗಿ ಕಟ್ಟಿದ ಎಂಜಿನ್ನಿನ ಬ್ರೇಕ್-ಇನ್ (ಪಳಗಿಸುವ ಮೊದಲ ಓಟ) ಹಳೇ ಹೆಡರ್‌ನಲ್ಲೇ ಆಗಲಿ. ಕಿಡಿ ಹಾರುವ ಟೈಮಿಂಗ್ ಹಿಂದುಳಿದಿದ್ದರೆ ಅಥವಾ ಇಂಧನ ಕಡಿಮೆಯಾಗಿ ಮಿಶ್ರಣ ತೆಳುವಾಗಿದ್ದರೆ ಶಾಖ ಮಿತಿ ಮೀರಿ, ಪೋರ್ಟ್ ಪಕ್ಕದ ಮೊದಲ ತಿರುವಿನಲ್ಲೇ ಬಣ್ಣ ಬಿಳಿಚುತ್ತದೆ. ನಾಲ್ಕೂ ಪೈಪು ಬಿಳಿಚಿದ್ದರೆ ಟ್ಯೂನಿಂಗ್ ನೋಡಿ. ಒಂದೇ ಪೈಪು ಬಿಳಿಚಿದ್ದರೆ ಆ ಸಿಲಿಂಡರಿನ ಇಂಜೆಕ್ಟರ್ ಬಿಚ್ಚಿ ನೋಡಿ.