ಹೊಸ ಉಪನ್ಯಾಸಕರ ತರಗತಿಯಲ್ಲಿ ಹಿಂದಿನ ಬೆಂಚಿನಲ್ಲಿ ಕೂರುವುದು ಹೇಗೆ

ಪ್ರೌಢಶಾಲೆಯ ಮಕ್ಕಳಿಗೆ ಪಾಠ ಮಾಡಲು ಬಿ.ಎಡ್. ಬೇಕು. ಪದವಿ ತರಗತಿಗೆ ಸ್ನಾತಕೋತ್ತರ ಪದವಿ ಇದ್ದು, ನೆಟ್ ಅಥವಾ ಕೆ-ಸೆಟ್ ಅರ್ಹತಾ ಪರೀಕ್ಷೆ ಪಾಸಾಗಿದ್ದರೆ ಸಾಕು. ನೆಟ್‌ನ ಮೊದಲ ಪತ್ರಿಕೆಯ ಹತ್ತು ಘಟಕಗಳಲ್ಲಿ ಬೋಧನೆಯೂ ಒಂದು, ನಿಜ. ಆದರೆ ನಾಲ್ಕು ಉತ್ತರಗಳಲ್ಲಿ ಸರಿಯಾದುದನ್ನು ಆರಿಸಿದವರಿಗೆ ಎಂಬತ್ತು ಜನರ ಬಿ.ಎ. ತರಗತಿಯ ಮುಂದೆ ನಿಲ್ಲಲು ಬರುತ್ತದೆ ಎನ್ನುವಂತಿಲ್ಲ. ಅರ್ಥಶಾಸ್ತ್ರ ವಿಭಾಗದ ಮುಖ್ಯಸ್ಥೆಯಾಗಿ ವರ್ಷವರ್ಷವೂ ಹೊಸಬರನ್ನು ಬರಮಾಡಿಕೊಳ್ಳುವ ನನ್ನ ಅಭಿಪ್ರಾಯ ಇಷ್ಟು: ಅವರಿಗೆ ಬೇಕಾದುದು ಉಪದೇಶವಲ್ಲ, ಅವರ ತರಗತಿಯಲ್ಲಿ ಏನಾಗುತ್ತಿದೆ ಎಂದು ಕಂಡು ಹೇಳುವ ಇನ್ನೊಂದು ಜೊತೆ ಕಣ್ಣು. ಆ ಕೆಲಸಕ್ಕೆ ಇಳಿಯುವ ಹಿರಿಯ ಸಹೋದ್ಯೋಗಿಗಳಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಬಂದ ದಿನವೇ ಪಠ್ಯಕ್ರಮದ ಜೆರಾಕ್ಸ್ ಪ್ರತಿ, ವೇಳಾಪಟ್ಟಿ, ಹಾಜರಿ ಪುಸ್ತಕ ಕೈಗಿಟ್ಟು ಕಳುಹಿಸಬೇಡಿ. ಮೊದಲು ನಿಮ್ಮ ಪಾಠಕ್ಕೆ ಅವರನ್ನು ಕರೆದು ಕೂರಿಸಿಕೊಳ್ಳಿ. ನಿಮ್ಮನ್ನಲ್ಲ, ವಿದ್ಯಾರ್ಥಿಗಳನ್ನು ನೋಡಲು ಹೇಳಿ: ಯಾವ ಮಾತಿಗೆ ಪೆನ್ನುಗಳು ನಿಂತವು, ಯಾವಾಗ ಪಕ್ಕದವರ ಪುಸ್ತಕ ಇಣುಕಿದರು, ಕೊನೆಯ ಸಾಲು ಯಾವಾಗ ಕೈಬಿಟ್ಟಿತು. ಪಾಠ ಕೇಳುವ ಅಭ್ಯಾಸ ಎಲ್ಲರಿಗೂ ಇದೆ. ಕೇಳುವವರನ್ನು ನೋಡುವ ಅಭ್ಯಾಸ ಹೊಸಬರಲ್ಲಿ ಯಾರಿಗೂ ಇರುವುದಿಲ್ಲ.

ನಂತರ ತಯಾರಿ. ಹೊಸಬರು ಒಂದು ಗಂಟೆಯ ಪಾಠಕ್ಕೆ ಮೂರು ಗಂಟೆಯ ಸರಕು ತುಂಬಿಕೊಂಡು ಬರುತ್ತಾರೆ, ಎಲ್ಲಿ ಬರಿದಾಗುತ್ತೇನೋ ಎಂಬ ಭಯದಿಂದ. ಟಿಪ್ಪಣಿಯನ್ನು ತಿದ್ದಲು ಹೋಗದೆ ಒಂದೇ ಪ್ರಶ್ನೆ ಕೇಳಿ: ಗಂಟೆ ಹೊಡೆದಾಗ ವಿದ್ಯಾರ್ಥಿ ತಾನೇ ಏನು ಮಾಡಬಲ್ಲವನಾಗಿರಬೇಕು? ಉದಾಹರಣೆಗೆ ಬೇಡಿಕೆಯ ಸ್ಥಿತಿಸ್ಥಾಪಕತ್ವ, ಅಂದರೆ ಬೆಲೆ ಬದಲಾದಾಗ ಕೊಳ್ಳುವುದು ಎಷ್ಟು ಬದಲಾಗುತ್ತದೆ ಎಂಬುದು. ಹೆಚ್ಚಿನವರು ವ್ಯಾಖ್ಯೆ ಬರೆಸಿ, ಸೂತ್ರ ಬರೆದು, ಐದು ವಿಧಗಳನ್ನು ಪಟ್ಟಿ ಮಾಡಿ, ಐದು ರೇಖಾಚಿತ್ರ ಎಳೆದು ಮುಗಿಸುತ್ತಾರೆ. ಬದಲಿಗೆ ಟೊಮೆಟೊದಿಂದ ಆರಂಭಿಸಲು ಹೇಳಿ. ಕಿಲೋಗೆ 20 ರೂಪಾಯಿ ಇದ್ದದ್ದು 40 ಆಯಿತು. ವಾರಕ್ಕೆ ಎರಡು ಕಿಲೋ ತರುತ್ತಿದ್ದ ಮನೆ ಈಗ ಒಂದೂವರೆ ತರುತ್ತದೆ. ಬೆಲೆ ನೂರು ಪ್ರತಿಶತ ಏರಿತು, ಕೊಳ್ಳುವುದು ಇಪ್ಪತ್ತೈದು ಪ್ರತಿಶತ ಇಳಿಯಿತು, ಅಂದರೆ ಸ್ಥಿತಿಸ್ಥಾಪಕತ್ವ 0.25. ಉಪ್ಪಿನ ಬೆಲೆ ಹೀಗೆಯೇ ಏರಿದರೆ? ಸಿನಿಮಾ ಟಿಕೆಟಿನದು? ವಿದ್ಯಾರ್ಥಿಗಳು ಅಂದಾಜು ಹೇಳಿ ವಾದಕ್ಕೆ ಬಿದ್ದ ಮೇಲೆ ಸೂತ್ರ ಬರಲಿ. ಐದರಲ್ಲಿ ಎರಡು ವಿಧ ನಾಳೆಗೆ ಉಳಿದರೆ ಉಳಿಯಲಿ.

ಹಿರಿಯರು ಮಾತ್ರ ಕೊಡಬಹುದಾದ ಇನ್ನೊಂದು ವಸ್ತುವಿದೆ: ವಿದ್ಯಾರ್ಥಿಗಳು ಪ್ರತಿ ವರ್ಷ ಎಡವುವ ಜಾಗಗಳ ಪಟ್ಟಿ. ಅದು ಯಾವ ಪಠ್ಯಪುಸ್ತಕದಲ್ಲೂ ಸಿಗುವುದಿಲ್ಲ. ನಮ್ಮ ವಿಷಯದಲ್ಲಿ ಬೆಲೆ ಬದಲಾದಾಗ ಬೇಡಿಕೆ ರೇಖೆಯ ಮೇಲಿನ ಚಲನೆಗೂ ಆದಾಯದಂಥ ಬೇರೆ ಕಾರಣಕ್ಕೆ ರೇಖೆಯೇ ಪಲ್ಲಟವಾಗುವುದಕ್ಕೂ ಇರುವ ವ್ಯತ್ಯಾಸದಲ್ಲಿ ತರಗತಿಯ ಅರ್ಧ ಭಾಗ ಜಾರುತ್ತದೆ. ಗಣಿತ ಓದಿದವರಿಗೆ ಬೇರೆ ತೊಡಕು: ಕಾರಣವಾದ ಬೆಲೆ ಅಡ್ಡ ಅಕ್ಷದಲ್ಲಿರಬೇಕಲ್ಲವೇ, ಲಂಬ ಅಕ್ಷದಲ್ಲಿ ಏಕಿದೆ? ಆಲ್‌ಫ್ರೆಡ್ ಮಾರ್ಷಲ್ ಎಂಬ ಅರ್ಥಶಾಸ್ತ್ರಜ್ಞರು ಹಾಗೆ ಎಳೆದರು, ಅದೇ ರೂಢಿಯಾಗಿ ಉಳಿಯಿತು ಎಂಬ ಒಂದು ವಾಕ್ಯ ಹೊಸಬರ ಕೈಯಲ್ಲಿದ್ದರೆ ಆ ಪ್ರಶ್ನೆಗೆ ಅವರು ಬೆವರಬೇಕಾಗಿಲ್ಲ. ನಿಮ್ಮ ವಿಷಯದಲ್ಲಿ ಇಂಥ ಜಾಗಗಳು ಯಾವುವು ಎಂದು ಕುಳಿತು ಬರೆಯಿರಿ. ಒಂದು ಪುಟ ಸಾಕು.

ಈಗ ಹಿಂದಿನ ಬೆಂಚು. ಹಿಂದಿನ ದಿನವೇ ಕೇಳಿ, ಒಪ್ಪಿಗೆ ಪಡೆದು ಹೋಗಿ. ಪಾಠ ಶುರುವಾಗುವ ಮೊದಲೇ ಹೋಗಿ ಕುಳಿತುಬಿಡಿ. ನಡುವೆ ಹೋದರೆ ಎಲ್ಲರೂ ಎದ್ದು ನಿಂತು ಇಡೀ ತರಗತಿ ತಪಾಸಣೆಯಾಗಿಬಿಡುತ್ತದೆ. ಹಾಳೆಯ ಎಡಕ್ಕೆ ಸಮಯ, ಬಲಕ್ಕೆ ನಡೆದದ್ದು, ಇಷ್ಟೇ. ವಿಶೇಷಣ ಬೇಡ. ‘ಆತ್ಮವಿಶ್ವಾಸ ಕಡಿಮೆ’ ಎಂದು ಬರೆದರೆ ಅದರಿಂದ ಯಾರಿಗೂ ಏನೂ ಮಾಡಲಾಗುವುದಿಲ್ಲ. ‘10.12: ಅರ್ಥವಾಯಿತಾ ಎಂದರು. ಮುಂದಿನ ಸಾಲಿನಿಂದ ಮೂರು ದನಿ ಹೌದು ಸರ್ ಎಂದವು. ಮುಂದೆ ಹೋದರು’ ಎಂದು ಬರೆಯಿರಿ. ‘10.20ರಿಂದ 10.27: ಬೋರ್ಡಿಗೆ ಮುಖ, ತರಗತಿಗೆ ಬೆನ್ನು, ಬರೆಯುತ್ತಲೇ ವಿವರಣೆ.’ ಅದನ್ನು ಓದಿದಾಗ ಅವರಿಗೇ ಕಾಣುತ್ತದೆ, ನೀವು ತೀರ್ಪು ಕೊಡಬೇಕಾಗಿಲ್ಲ.

ಪ್ರಶ್ನೆ ಕೇಳಿದ ಮೇಲೆ ಎಷ್ಟು ಹೊತ್ತು ಕಾದರು ಎಂಬುದನ್ನು ಮನಸ್ಸಿನಲ್ಲೇ ಎಣಿಸಿ. ಅಮೆರಿಕದ ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ 1970ರ ದಶಕದಲ್ಲಿ ವಿಜ್ಞಾನ ತರಗತಿಗಳ ಧ್ವನಿಮುದ್ರಿಕೆ ಕೇಳಿ ಕಂಡುಕೊಂಡದ್ದು ಇದೇ: ಶಿಕ್ಷಕರು ಸರಾಸರಿ ಒಂದು ಸೆಕೆಂಡು ಮಾತ್ರ ಕಾಯುತ್ತಿದ್ದರು. ಮೂರು ಸೆಕೆಂಡಿಗೆ ಏರಿಸಿದಾಗ ಉತ್ತರಗಳು ಉದ್ದವಾದವು, ಸುಮ್ಮನಿರುತ್ತಿದ್ದವರೂ ಬಾಯಿ ತೆರೆದರು. ನಮ್ಮಲ್ಲಿ ಇನ್ನೂ ಹೆಚ್ಚು ಕಾಯಬೇಕು ಎನ್ನುತ್ತೇನೆ. ಕನ್ನಡ ಮಾಧ್ಯಮದಿಂದ ಬಂದ ಹುಡುಗಿಯೊಬ್ಬಳು ಇಂಗ್ಲಿಷಿನಲ್ಲಿ ಬಂದ ಪ್ರಶ್ನೆಯನ್ನು ಕನ್ನಡಕ್ಕೆ ತಂದುಕೊಂಡು, ಉತ್ತರ ಯೋಚಿಸಿ, ಮತ್ತೆ ಇಂಗ್ಲಿಷಿಗೆ ಒಯ್ಯಬೇಕು. ಉತ್ತರ ಕನ್ನಡದಲ್ಲೇ ಬರಲಿ ಎಂದು ಹೊಸಬರು ಮೊದಲ ವಾರವೇ ಹೇಳಿಬಿಟ್ಟರೆ ಅರ್ಧ ಮೌನ ಕರಗುತ್ತದೆ. ಪಾರಿಭಾಷಿಕ ಪದ ಬೋರ್ಡಿನ ಮೂಲೆಯಲ್ಲಿ ಎರಡೂ ಭಾಷೆಯಲ್ಲಿ ಇರಲಿ, ತರಗತಿ ಮುಗಿಯುವವರೆಗೂ ಅಳಿಸದಿರಲಿ.

ಪಾಠದ ನಂತರದ ಮಾತು ಅದೇ ದಿನ ಆಗಬೇಕು, ಸಿಬ್ಬಂದಿ ಕೊಠಡಿಯಲ್ಲಿ ಎಲ್ಲರ ಎದುರಿಗಲ್ಲ. ನಾನು ಕ್ಯಾಂಟೀನಿಗೆ ಕರೆದೊಯ್ಯುತ್ತೇನೆ. ಮೊದಲು ಅವರು ಹೇಳಲಿ: ಎಲ್ಲಿ ಸರಾಗವಾಗಿತ್ತು, ಎಲ್ಲಿ ಕೈ ಜಾರಿತು? ಆಮೇಲೆ ಹಾಳೆಯನ್ನು ಅವರ ಕಡೆಗೆ ತಿರುಗಿಸಿ. ತಿದ್ದಿಕೊಳ್ಳಲು ಒಂದನ್ನೇ ಆರಿಸಿಕೊಳ್ಳಿ, ಆರಿಸುವವರು ಅವರೇ. ಹತ್ತು ದೋಷ ಕಂಡಿದ್ದರೂ ಒಂಬತ್ತನ್ನು ನುಂಗಿಕೊಳ್ಳುವುದು ನಮ್ಮಂಥವರಿಗೆ ಕಷ್ಟವೇ, ಆದರೂ ನುಂಗಿಕೊಳ್ಳಿ. ಎರಡು ಮೂರು ವಾರ ಬಿಟ್ಟು ಮತ್ತೆ ಹೋದಾಗ ಆ ಒಂದನ್ನು ಮಾತ್ರ ನೋಡಿ.

ನೀವು ಹೋಗದ ದಿನಗಳಿಗೆ ಚೀಟಿ ಇದೆ. ಕೊನೆಯ ಎರಡು ನಿಮಿಷದಲ್ಲಿ ಹೆಸರಿಲ್ಲದ ಚೀಟಿಯಲ್ಲಿ ವಿದ್ಯಾರ್ಥಿಗಳು ಅರ್ಥವಾಗದ ಒಂದು ಸಂಗತಿ ಬರೆಯಲಿ. ಮರುದಿನ ಪಾಠ ಅದರಿಂದಲೇ ಆರಂಭವಾಗಲಿ. ಚೀಟಿ ಬರೆಸಿ ಉತ್ತರಿಸದಿದ್ದರೆ ಮೂರನೆಯ ಸಲ ಯಾರೂ ಬರೆಯುವುದಿಲ್ಲ. ಆಂತರಿಕ ಪರೀಕ್ಷೆಯ ಮೊದಲ ಮೌಲ್ಯಮಾಪನವನ್ನೂ ಒಬ್ಬರಿಗೇ ಬಿಡಬೇಡಿ: ಕೆಲವು ಉತ್ತರ ಪತ್ರಿಕೆಗಳಿಗೆ ಇಬ್ಬರೂ ಬೇರೆಬೇರೆಯಾಗಿ ಅಂಕ ಕೊಟ್ಟು, ವ್ಯತ್ಯಾಸ ಏಕೆ ಬಂತು ಎಂದು ಮಾತನಾಡಿ.

ಕಾಯಂ ಆದವರಿಗೆ ಕಾಲೇಜು ಶಿಕ್ಷಕರಿಗೆಂದೇ ಇರುವ ಮಾಳವೀಯ ಮಿಷನ್ ಕೇಂದ್ರಗಳ ತರಬೇತಿ ಇದೆ, ಬಡ್ತಿಗೂ ಅದು ಬೇಕು. ಆದರೆ ನಮ್ಮ ಪದವಿ ಕಾಲೇಜುಗಳ ಪಾಠದ ದೊಡ್ಡ ಭಾರ ಹೊತ್ತಿರುವವರು ಅತಿಥಿ ಉಪನ್ಯಾಸಕರು. ಎರಡು ಕಾಲೇಜುಗಳ ನಡುವೆ ಬಸ್ ಹಿಡಿಯುವವರನ್ನು ಸಂಜೆ ಐದಕ್ಕೆ ಸಭೆಗೆ ಕರೆಯುವುದು ಅನ್ಯಾಯ. ಅವರ ವೇಳಾಪಟ್ಟಿಯಲ್ಲಿ ಬಿಡುವಿನ ಗಂಟೆ ಎಲ್ಲಿದೆಯೋ ಅಲ್ಲಿಗೆ ನೀವೇ ಹೋಗಿ. ಮತ್ತು ಅವರನ್ನೂ ನಿಮ್ಮ ತರಗತಿಗೆ ಅದೇ ಎರಡು ಕಾಲಂನ ಹಾಳೆಯೊಂದಿಗೆ ಕರೆಯಿರಿ, ಈ ಬಾರಿ ನಿಮ್ಮನ್ನು ನೋಡಲು.

ಹಾಳೆಗಳು ಅವರವು. ಪ್ರತಿ ಇಟ್ಟುಕೊಳ್ಳಬೇಡಿ, ಮುಂದಿನ ವರ್ಷದ ನೇಮಕಾತಿಯ ಮಾತಿನಲ್ಲಿ ಅದರ ಸುಳಿವೂ ಬರಬಾರದು. ಕಾಲೇಜುಗಳಿಗೆ ಮಾನ್ಯತೆ ಕೊಡುವ ನ್ಯಾಕ್‌ನ ಕಡತಕ್ಕೆ ದಾಖಲೆ ಬೇಕೆಂದು ಕಾಲೇಜಿನ ಗುಣಮಟ್ಟ ಘಟಕವಾದ ಐಕ್ಯೂಎಸಿಯವರು ಕೇಳಿದರೆ ಭೇಟಿಯ ದಿನಾಂಕ ಕೊಡಿ, ಇಬ್ಬರ ಸಹಿ ಹಾಕಿ ಕೊಡಿ, ಅದಕ್ಕಿಂತ ಹೆಚ್ಚಿನದನ್ನು ಕೊಡಬೇಡಿ.