ಯೆರೆವಾನ್‌ಗೆ ಹೋದವರು ಯೆರಬ್ಲೂರ್ ನೋಡಿ ಬರುವುದು ಹೇಗೆ

ಅರ್ಮೇನಿಯಾದ ಯೆರೆವಾನ್‌ನಲ್ಲಿ ಮೆಡಿಕಲ್ ಓದುವ ನಮ್ಮ ದೇಶದ ಮಕ್ಕಳು ಬಹಳ ಜನ ಇದ್ದಾರೆ. ಸಾಗರದಿಂದಲೋ ತೀರ್ಥಹಳ್ಳಿಯಿಂದಲೋ ಮಗಳನ್ನು ನೋಡಿಕೊಂಡು ಬರಲು ಹೊರಟಿದ್ದೀರಾ? ಹಾಗಾದರೆ ಅರ್ಧ ದಿನ ಯೆರಬ್ಲೂರ್‌ಗೆ ಇಟ್ಟುಕೊಳ್ಳಿ. ಅದು ಅಲ್ಲಿನ ಸೈನಿಕರ ಸ್ಮಶಾನ. ‘ಅಷ್ಟು ದೂರ ಹೋಗಿ ಸ್ಮಶಾನ ನೋಡೋದಾ?’ ಅಂತ ಮನೆಯಲ್ಲಿ ಯಾರಾದರೂ ಕೇಳಿಯೇ ಕೇಳುತ್ತಾರೆ, ಕೇಳಲಿ ಬಿಡಿ.

ಜಾಗ ಇರುವುದು ಊರಂಚಿನ ಗುಡ್ಡದ ಮೇಲೆ. ಯಾಂಡೆಕ್ಸ್ ಆ್ಯಪ್‌ನಲ್ಲಿ ಟ್ಯಾಕ್ಸಿ ಹಿಡಿದರೆ ಸುಲಭ. ಬೇಸಿಗೆಯಲ್ಲಾದರೆ ಬೆಳಿಗ್ಗೆಯೇ ಹೋಗಿ, ನಮ್ಮ ಕಡೆಯ ಹಾಗೆ ಮಳೆ ಮೋಡ ಅಂತ ಕಾಯಬೇಕಿಲ್ಲ, ಬಿಸಿಲೇ ಜಾಸ್ತಿ. ಜನವರಿಯಲ್ಲಿ ಕೊರೆಯುವ ಚಳಿ. ಜನವರಿ 28 ಅಲ್ಲಿನ ಸೇನಾ ದಿನ, ಸೆಪ್ಟೆಂಬರ್ 27 ಅಂದರೆ ಪಕ್ಕದ ಅಜರ್‌ಬೈಜಾನ್ ಜೊತೆ 2020ರ ಯುದ್ಧ ಶುರುವಾದ ದಿನ. ಆ ಎರಡು ದಿನ ಸುಮ್ನೆ ನೋಡಲು ಹೋಗುವವರು ದೂರ ಇರುವುದೇ ಸರಿ.

ಹೂವು ತೆಗೆದುಕೊಂಡು ಹೋಗಿ, ಆದರೆ ಎಣಿಸಿ ಕೊಳ್ಳಿ. ಸತ್ತವರಿಗೆ ಇಡುವ ಹೂವು ಎರಡು, ನಾಲ್ಕು, ಆರು ಹೀಗೆ ಸಮ ಸಂಖ್ಯೆಯಲ್ಲೇ ಇರಬೇಕು. ಬೆಸ ಸಂಖ್ಯೆ ಸಂತೋಷದ ಸಮಾರಂಭಕ್ಕೆ. ಮುಯ್ಯಿಗೆ ನೂರರ ಮೇಲೆ ಒಂದು ರೂಪಾಯಿ ಸೇರಿಸುವವರು ನಾವು, ಅಭ್ಯಾಸಬಲದಿಂದ ಇಲ್ಲೂ ಒಂದು ಹೂವು ಸೇರಿಸಿಬಿಡಬೇಡಿ.

ಒಳಗೆ ಹೋದಮೇಲೆ ಮೊದಲು ಹಳೆಯ ಸಮಾಧಿಗಳ ಕಡೆ ಹೋಗಿ. ಕರಾಬಾಖ್ ಅನ್ನುವ ಪ್ರದೇಶಕ್ಕಾಗಿ ಅಜರ್‌ಬೈಜಾನ್ ಜೊತೆ 1988ರಲ್ಲಿ ಶುರುವಾದ ಹೋರಾಟದಲ್ಲಿ ಸತ್ತವರನ್ನು ಇಲ್ಲಿ ಮಣ್ಣು ಮಾಡಿದ್ದಾರೆ. ಕ್ಯಾಲಿಫೋರ್ನಿಯಾದಲ್ಲಿ ಹುಟ್ಟಿ 1993ರಲ್ಲಿ ಅದೇ ಹೋರಾಟದಲ್ಲಿ ಸತ್ತ ಮೊಂಟೆ ಮೆಲ್ಕೋನಿಯನ್, 1999ರಲ್ಲಿ ಸಂಸತ್ತಿನೊಳಗೇ ಗುಂಡಿಗೆ ಬಲಿಯಾದ ಪ್ರಧಾನಿ ವಾಜ್ಗೆನ್ ಸರ್ಗಸ್ಯಾನ್ ಇಲ್ಲೇ ಇದ್ದಾರೆ. ಸೇನಾನಿ ಆಂದ್ರಾನಿಕ್ ಕತೆಯಂತೂ ವಿಚಿತ್ರ. ಆತ 1927ರಲ್ಲಿ ಅಮೆರಿಕದಲ್ಲಿ ತೀರಿಕೊಂಡ, ದೇಹ ಅಲ್ಲಿಂದ ಪ್ಯಾರಿಸ್‌ಗೆ ಹೋಯಿತು, ಕೊನೆಗೆ 2000ದಲ್ಲಿ ಈ ಗುಡ್ಡಕ್ಕೆ ಬಂತು.

ಆಮೇಲೆ 2020ರ ಸಾಲುಗಳು. ಎಲ್ಲಿ ನೋಡಿದರೂ ಕೆಂಪು, ನೀಲಿ, ಕಿತ್ತಳೆ ಬಣ್ಣದ ಬಾವುಟ. ಬಳ್ಳಿಗಾವೆಯ ವೀರಗಲ್ಲಿನಲ್ಲಿ ಹೋರಾಡುವವನ ಮುಖ ಯಾರದ್ದು ಅಂತ ನಮಗೆ ಗೊತ್ತಾಗುವುದಿಲ್ಲ ಅಲ್ವಾ, ಇಲ್ಲಿ ಕಲ್ಲಿನ ಮೇಲೆ ಆ ಹುಡುಗನದೇ ಮುಖ, ಫೋಟೊ ನೋಡಿ ಕೆತ್ತಿದ್ದು. ಕೆಳಗೆ ಎರಡು ಇಸವಿ, ಹುಟ್ಟಿದ್ದು ಮತ್ತು ಸತ್ತದ್ದು. ಕಳೆದು ನೋಡಿದರೆ ಎಷ್ಟೋ ಕಡೆ ಹತ್ತೊಂಬತ್ತು, ಇಪ್ಪತ್ತು. ಆಗ ಅಲ್ಲಿ ಹದಿನೆಂಟು ತುಂಬಿದ ಗಂಡುಮಕ್ಕಳು ಎರಡು ವರ್ಷ ಸೇನೆಯಲ್ಲಿ ಇರಲೇಬೇಕಿತ್ತು.

ಇಲ್ಲಿ ಹುಷಾರಾಗಿರಿ. ಸಮಾಧಿ ಪಕ್ಕ ಧೂಪ ಹಾಕಿಕೊಂಡು ಕೂತ ತಾಯಂದಿರು ಇರುತ್ತಾರೆ. ಅವರ ಕಡೆ ಮೊಬೈಲ್ ಎತ್ತಬೇಡಿ, ಸೆಲ್ಫಿ ಬೇಡವೇ ಬೇಡ. ಯುದ್ಧದಲ್ಲಿ ಯಾರದು ಸರಿ, ಯಾರದು ತಪ್ಪು ಅನ್ನುವ ಮಾತು ಹಾಸ್ಟೆಲ್‌ಗೆ ಹೋಗಿ ಆಡಿಕೊಳ್ಳಿ. ಅವರಾಗಿಯೇ ಮಾತನಾಡಿಸಿದರೆ ಭಾರತದಿಂದ ಬಂದಿದ್ದೇವೆ ಅಂತ ಹೇಳಿ ಕೈಮುಗಿಯಿರಿ, ಅದಕ್ಕೆ ಭಾಷೆ ಬೇಕಿಲ್ಲ.

ಟೈಮ್ ಉಳಿದರೆ ಅಲ್ಲಿಂದಲೇ ಎಚ್ಮಿಯಾಜಿನ್‌ನ ದೊಡ್ಡ ಚರ್ಚಿಗೆ ಹೋಗಿ, ಅದೇ ದಿಕ್ಕು. ಮತ್ತೆ ಊರೊಳಗೆ ಬಂದು ಹೋಗುವುದು ದಂಡ.